ತಟ್ಟೆಯ ಅಡಿಯ ನಟ್ಟು

ಆ ಲೆನ್ಸು ಮನೆಗೆ ಬಂದ ದಿನದಿಂದ ನನ್ನ ತಲೆ ನೆಟ್ಟಗಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತಿನಲ್ಲಿ ಅರ್ಧವನ್ನು ನಾನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಇದೊಂದನ್ನು ಹಾಕಿಕೊಂಡಿದ್ದೇನೆ.

ಕೆ.ಆರ್. ಪೇಟೆಯಲ್ಲಿ ನನ್ನದೊಂದು ಸ್ಟುಡಿಯೋ. ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಮದುವೆ, ನಾಮಕರಣ, ಬೀಗರೂಟ ಎಂದು ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣದ ಛತ್ರಗಳಲ್ಲಿ ನಿಂತು ಕಾಲು ಸವೆಸಿದ್ದೇನೆ. ಈಗಿನ ಮದುವೆಗಳ ಪಾಡು ಕೇಳಬೇಡಿ. ತಾಳಿ ಕಟ್ಟುವುದಕ್ಕೆ ತಿಂಗಳ ಮುಂಚೆಯೇ ಗಂಡು ಹೆಣ್ಣು ಕರಿಘಟ್ಟದ ಮೆಟ್ಟಿಲ ಮೇಲೆ ಕೈ ಹಿಡಿದು ಓಡಬೇಕು, ಬೆಳಗೊಳದ ಕಡೆ ನಾಲೆ ಏರಿಯ ಮೇಲೆ ಬಣ್ಣದ ಹೊಗೆ ಬಿಡಬೇಕು, ನಾನು ಹೊಟ್ಟೆ ಹೊತ್ತುಕೊಂಡು ಅವರ ಹಿಂದೆ ಓಡಬೇಕು. ಅದೂ ಆಗಲಿ. ಕೊನೆಗೆ ಡ್ರೋನ್ ಹಾರಿಸುವ ಹುಡುಗ ಬಂದು ‘ಅಣ್ಣ, ಸ್ವಲ್ಪ ಆ ಕಡೆ ಹೋಗಿ, ನೀವು ಫ್ರೇಮಿಗೆ ಬರ್ತಿದ್ದೀರ’ ಎನ್ನುತ್ತಾನೆ. ಇಪ್ಪತ್ತು ವರ್ಷ ಕೆಲಸ ಮಾಡಿದವನು ಕೊನೆಗೆ ಫ್ರೇಮಿಗೆ ಅಡ್ಡ ಬರುವವನಾದೆ.

ಆ ಉರಿಯಲ್ಲೇ ಮೈಸೂರಿನಲ್ಲಿ ಒಬ್ಬರಿಂದ ಹಳೆಯದೊಂದು ಐವತ್ತು ಎಂ.ಎಂ. ಪ್ರೈಮ್ ಲೆನ್ಸು ಕೊಂಡು ತಂದೆ. ಪ್ರೈಮ್ ಎಂದರೆ ಅದಕ್ಕೆ ಜೂಮ್ ಇಲ್ಲ. ದೂರದಲ್ಲಿ ನಿಂತು ತಿರುಗಿಸಿ ಹತ್ತಿರಕ್ಕೆ ಎಳೆದುಕೊಳ್ಳುವ ಆಟ ಅದರಲ್ಲಿ ನಡೆಯುವುದಿಲ್ಲ. ಹತ್ತಿರ ಬೇಕೆಂದರೆ ಕಾಲಲ್ಲಿ ನಡೆದು ಹೋಗಿ ಎದುರಿನವರ ಮುಖದ ಮುಂದೆ ನಿಲ್ಲಬೇಕು. ಅದರ ಬಾಯಿ ಪೂರ್ತಿ ತೆರೆದು ಹೊಡೆದರೆ ಎರಡು ಬೆರಳು ದಪ್ಪದಷ್ಟು ಜಾಗ ಮಾತ್ರ ಕೂದಲು ಎಣಿಸುವ ಹಾಗೆ ಸ್ಪಷ್ಟವಾಗಿ ಬರುತ್ತದೆ. ಅದರ ಹಿಂದೆ ಮುಂದೆ ಇರುವುದೆಲ್ಲ ಮಸುಕು. ನನಗೆ ಆ ಮಸುಕಿನ ಹುಚ್ಚು ಹಿಡಿಯಿತು. ಬೇಡದ್ದನ್ನೆಲ್ಲ ಒಂದು ಕ್ಲಿಕ್ಕಿನಲ್ಲಿ ಅಳಿಸಿಹಾಕಬಹುದಲ್ಲ ಎನ್ನುವ ಸಂತೋಷ ಅದು.

ಜಿಲ್ಲೆಯ ಫೋಟೋದವರದ್ದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಒಂದು ಸ್ಪರ್ಧೆ ಇಟ್ಟರು, ವಿಷಯ ‘ದುಡಿಯುವ ಕೈ’. ಡ್ರೋನ್ ಹುಡುಗರೂ ಕಳಿಸುತ್ತಾರೆ ಎಂದು ಗೊತ್ತಾಯಿತು. ಗೆಲ್ಲಲೇಬೇಕು ಎಂದು ಹಟ ಬಂತು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಮ್ಮೂರ ಸಂತೆಗೆ ಹೋದೆ.

ಸಂತೆಯಲ್ಲಿ ಜೂಮಿಲ್ಲದೆ ಫೋಟೋ ತೆಗೆಯುವುದು ಎಂದರೆ ಬೈಗುಳ ತಿನ್ನುವುದು ಎಂದೇ ಅರ್ಥ. ಸೊಪ್ಪಿನವಳು ಸೆರಗು ಮುಖಕ್ಕೆ ಎಳೆದುಕೊಂಡಳು. ಕಡಲೆಪುರಿಯವನು ‘ಯಾವ ಆಫೀಸಿಂದ ಬಂದಿದ್ದೀರ ಸಾ’ ಎಂದು ಎದ್ದು ನಿಂತ. ಹಸಿಮೆಣಸಿನಕಾಯಿಯವನು ನನಗೆ ಬೇಡದಿದ್ದರೂ ಅರ್ಧ ಕೆಜಿ ಕಟ್ಟಿಕೊಟ್ಟ. ಹೀಗೆ ನೂಕಿಸಿಕೊಳ್ಳುತ್ತಾ ಗೇಟಿನ ಹತ್ತಿರದ ಹೊಂಗೆ ಮರಕ್ಕೆ ಬಂದೆ. ಅದರ ಕೆಳಗೆ ಬೆಳ್ಳುಳ್ಳಿ ಅಜ್ಜಿ ಕೂತಿದ್ದಳು.

ಹೇಮಗಿರಿ ಕಡೆಯ ಹಳ್ಳಿಯವಳು. ನಾನು ಚಡ್ಡಿ ಹಾಕಿಕೊಂಡು ಅವ್ವನ ಜೊತೆ ಸಂತೆಗೆ ಬರುತ್ತಿದ್ದಾಗಲೂ ಅವಳು ಆ ಮರದ ಕೆಳಗೇ ಇದ್ದಳು. ಆಗಲೇ ಅಜ್ಜಿಯ ಹಾಗೆ ಕಾಣುತ್ತಿದ್ದಳು, ಈಗಲೂ ಅಷ್ಟೇ ಇದ್ದಾಳೆ. ಸಂತೆಯಲ್ಲಿ ಎಲ್ಲರೂ ಕರೆಂಟಿನ ತೂಕಕ್ಕೆ ಬದಲಾಗಿದ್ದರೂ ಅವಳು ಮಾತ್ರ ಹಿತ್ತಾಳೆ ತಟ್ಟೆಯ ಕೈತಕ್ಕಡಿ ಬಿಟ್ಟಿರಲಿಲ್ಲ. ‘ಆ ಡಬ್ಬದ ನಂಬರು ನಂಗೆ ಓದಕ್ ಬರಕಿಲ್ಲ, ಇದಾದ್ರೆ ಕಣ್ಗೇ ಕಾಣ್ತದೆ’ ಎನ್ನುತ್ತಿದ್ದಳು. ಅವಳದೊಂದು ಪದ್ಧತಿ ಇತ್ತು. ಬೆಳಿಗ್ಗೆ ಬೋಣಿಗೆ ಮುಂಚೆ, ಮೊದಲ ಗಿರಾಕಿ ಬಂದು ಕೂತ ಮೇಲೆ, ಖಾಲಿ ತಕ್ಕಡಿಯನ್ನು ಮುಖದೆತ್ತರಕ್ಕೆ ಎತ್ತಿ ಹಿಡಿಯುವಳು. ದಂಡಿ ಅಲುಗಾಡಿ ನಿಲ್ಲುವವರೆಗೂ ಕಾಯುವಳು. ‘ನೋಡ್ಕಳವ್ವ, ಸಮ ಅದೆ’ ಎನ್ನುವಳು. ಗಿರಾಕಿ ಹೂಂ ಎಂದ ಮೇಲೇ ಬೆಳ್ಳುಳ್ಳಿಗೆ ಕೈ ಹಾಕುವಳು. ಬೇರೆ ಕಡೆ ಕೊಂಡ ಸಾಮಾನಿನ ತೂಕದಲ್ಲಿ ಅನುಮಾನ ಬಂದವರು ಚೀಲ ತಂದು ಅವಳ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿಸಿಕೊಂಡು ಹೋಗುವುದನ್ನು ನಾನೇ ನೋಡಿದ್ದೇನೆ. ಆ ಸಂತೆಯಲ್ಲಿ ಅವಳಿಗಿದ್ದ ಆಸ್ತಿ ಎಂದರೆ ಆ ಹೆಸರೊಂದೇ. ಅಜ್ಜಿಯ ತೂಕ ಎಂದರೆ ಎರಡನೇ ಮಾತಿರಲಿಲ್ಲ.

ನಾನು ಮಂಡಿಯೂರಿ ಕ್ಯಾಮೆರಾ ಎತ್ತಿದೆ. ಅವಳು ಬೆಳ್ಳುಳ್ಳಿ ಸಿಪ್ಪೆ ಊದಿ ನನ್ನ ಮುಖವನ್ನೇ ನೋಡಿದಳು.

‘ಲೇ, ನೀನು ನಮ್ ಮೊಮ್ಮಗಳ ಮದ್ವೇಲಿ ಪೋಟ ತೆಗಿಯಕ್ ಬಂದಿದ್ದೋನಲ್ವೇನ್ಲಾ? ತಾಳಿ ಕಟ್ಟುವಾಗ ಎಲ್ಗೋಗಿದ್ದೆ? ಆಲ್ಬಮ್ ತಗುದ್ರೆ ಗಂಡು ಅದೆ, ಎಣ್ಣು ಅದೆ, ಪುರೋಯ್ತರ ಬೆನ್ನು ಅದೆ, ತಾಳೀನೇ ಇಲ್ಲ. ನೀನು ಅಡ್ಗೆ ಮನೆ ತಾವ ಬೋಂಡ ತಿಂತಾ ನಿಂತಿದ್ದೆ ಕನಾ. ನಾನೇ ನೋಡ್ದೆ.’

ಸುತ್ತ ಕೂತವರೆಲ್ಲ ನಕ್ಕರು. ಬ್ಯಾಟರಿ ಬದಲಿಸಲು ಹೋಗಿದ್ದೆ ಎಂದೆ. ‘ಬಾಯಲ್ಲಿ ಬದಲಾಯಿಸ್ತಿದ್ದೇನ್ಲಾ ಬ್ಯಾಟ್ರೀನ’ ಎಂದಳು. ಪಕ್ಕದಲ್ಲಿ ಈರುಳ್ಳಿ ಮಾರುವ ಸಾಬರು ಬಿದ್ದು ಬಿದ್ದು ನಕ್ಕರು. ಅವಳು ಅಷ್ಟಕ್ಕೆ ಬಿಡಲಿಲ್ಲ. ‘ಬೋಣಿ ಆಗಿಲ್ಲ, ಬೋಣಿಗ್ ಮುಂಚೆ ಪೋಟ ಬ್ಯಾಡ, ಹೋಗಿ ಬೋಂಡ ತಿನ್ಕಂಡ್ ಬಾ’ ಎಂದು ಕೈ ಆಡಿಸಿ ಕಳಿಸಿದಳು. ಆವತ್ತಿನಿಂದ ಸಂತೆಯಲ್ಲಿ ನನಗೆ ಬೋಂಡಣ್ಣ ಎಂದು ಹೆಸರು ಬಿತ್ತು. ಅವಳದು ತಮಾಷೆ ಎಂದು ಗೊತ್ತಿತ್ತು. ಬೋಂಡ ತಿನ್ನುತ್ತಿದ್ದದ್ದು ನಿಜ ಎಂಬುದೂ ಗೊತ್ತಿತ್ತು. ಅದಕ್ಕೇ ಹೆಚ್ಚು ಉರಿಯಿತು.

ಮುಂದಿನ ವಾರ ಮತ್ತೆ ಹೋದೆ. ಬೋಣಿ ಆಗುವವರೆಗೂ ದೂರ ನಿಂತಿದ್ದೆ. ಆಮೇಲೆ ಎದುರು ಕೂತೆ. ಈ ಸಲ ಅವಳು ಒಳ್ಳೆಯ ಮನಸ್ಸಿನಲ್ಲಿದ್ದಳು.

‘ತೆಗಿ ಮಗ, ತೆಗಿ. ಇವತ್ತಾದ್ರೂ ತೆಗಿಯೋದನ್ನ ಸರ್ಯಾಗಿ ತೆಗಿ.’

ನಾನು ನೆಲಕ್ಕೆ ಅಂಟಿಕೊಂಡು ಕೆಳಗಿನಿಂದ ನೋಡಿದೆ. ಬೆಳ್ಳುಳ್ಳಿ ತುಂಬುವ ತಟ್ಟೆ ನನ್ನ ಮೂಗಿನ ಮುಂದೆ ತೂಗುತ್ತಿತ್ತು. ಅದರ ಅಡಿಯಲ್ಲಿ ತಂತಿಯಿಂದ ಬಿಗಿದು ಕಟ್ಟಿದ ಒಂದು ನಟ್ಟು. ಟ್ರಾಕ್ಟರಿನದಿರಬೇಕು, ಕಪ್ಪಗೆ ಜಿಡ್ಡು ಹಿಡಿದಿತ್ತು.

‘ಇದೇನಜ್ಜಿ ಇದು’ ಎಂದೆ.

‘ಪಾಸಂಗ ಕನ್ಲಾ. ನೋಡಿಲ್ವಾ? ಈ ಕಡೆ ತಟ್ಟೆ ನೋಡು.’ ತೂಕದ ಬಟ್ಟು ಇಡುವ ತಟ್ಟೆಯನ್ನು ನನ್ನ ಕಡೆ ತಿರುಗಿಸಿದಳು. ಅದರ ನಡುವೆ ಅಂಗೈಯಗಲ ಹಿತ್ತಾಳೆಯ ತೇಪೆ. ‘ಕಬ್ಬಣದ ಬಟ್ಟು ಕುಕ್ಕಿ ಕುಕ್ಕಿ ಇದು ತೂತ್ಬಿತ್ತು. ಕಲಾಯ್ ಸಾಬಿ ತೇಪೆ ಆಕ್ಕೊಟ್ಟ. ತೇಪೆ ಆಕುದ್ ಮ್ಯಾಲೆ ಇದು ಭಾರ ಆಗೋಯ್ತು. ಅದ್ಕೆ ಆ ಕಡೀಕೆ ಅಷ್ಟೇ ಭಾರದ್ದು ನಟ್ಟು ಉಡುಕಿ ಕಟ್ಟಿವ್ನಿ. ಎಲ್ಡೂ ಸಮ ಆಗ್ಬೇಕಲ್ಲ. ಇಲ್ದಿದ್ರೆ ತೂಕ ಅನ್ನುಸ್ಕಂತದಾ ಅದು?’

ಹೀಗೆಂದು ಖಾಲಿ ತಕ್ಕಡಿ ಎತ್ತಿ ತೋರಿಸಿದಳು. ದಂಡಿ ನೆಟ್ಟಗೆ ನಿಂತಿತು. ನನಗೆ ಪೂರ್ತಿ ಅರ್ಥವಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಅರ್ಥವಾಗಲಿಲ್ಲ ಎಂದು ಆಮೇಲೆ ಯಾರ ಹತ್ತಿರವೂ ನಾಟಕ ಆಡುವುದಕ್ಕೆ ನನಗೆ ದಾರಿಯಿಲ್ಲ.

ಗಿರಾಕಿ ಬಂದಳು. ಅಜ್ಜಿ ಒಂದು ಕೈಯಲ್ಲಿ ತಕ್ಕಡಿ ಎತ್ತಿ ಇನ್ನೊಂದು ಕೈಯಲ್ಲಿ ಒಂದೊಂದೇ ಗಡ್ಡೆ ತಟ್ಟೆಗೆ ಬಿಡುತ್ತಿದ್ದಳು. ನಾನು ಲೆನ್ಸಿನ ಬಾಯಿ ಪೂರ್ತಿ ತೆರೆದು ಹೊಡೆದೆ. ಆ ಕೈಯ ನರಗಳು, ಬಿರಿದ ಉಗುರು, ಬೆರಳ ತುದಿಯಿಂದ ಜಾರುತ್ತಿರುವ ಗಡ್ಡೆ, ತಟ್ಟೆಯ ಅಂಚು, ಅದರ ಅಡಿಯ ನಟ್ಟು, ಎಲ್ಲ ಕೊರೆದ ಹಾಗೆ ಬಂದವು. ಹಿಂದೆ ಅವಳ ಮುಖ ಒಂದು ಕಂದು ಮಸುಕು. ತೇಪೆಯ ತಟ್ಟೆ ಹಳದಿ ಕಲೆಯ ಹಾಗೆ ಕರಗಿಹೋಗಿತ್ತು. ಅಂಥ ಫೋಟೋ ನನ್ನ ಜನ್ಮದಲ್ಲಿ ತೆಗೆದಿರಲಿಲ್ಲ.

‘ಈ ತೇಪೇದೂ ಒಂದ್ ತೆಗಿ ಮಗ, ಆ ಸಾಬಿ ಭೋ ಚೆನ್ನಾಗ್ ಆಕವ್ನೆ’ ಎಂದಳು. ಅವಳ ಮನಸ್ಸಿಗಾಗಲಿ ಎಂದು ಒಂದಿಷ್ಟು ಹಿಂದೆ ಸರಿದು, ಲೆನ್ಸಿನ ಬಾಯಿ ಕಿರಿದು ಮಾಡಿ, ಎರಡು ತಟ್ಟೆಯೂ ಸ್ಪಷ್ಟವಾಗಿ ಬರುವಂತೆ ಇನ್ನೊಂದು ತೆಗೆದೆ. ನಟ್ಟೂ ಕಾಣುತ್ತಿತ್ತು, ತೇಪೆಯೂ ಕಾಣುತ್ತಿತ್ತು. ಅದರಲ್ಲಿ ಕಲೆ ಎನ್ನುವುದು ಏನೂ ಇರಲಿಲ್ಲ. ಆಧಾರ್ ಕಾರ್ಡಿನ ಫೋಟೋದ ಹಾಗಿತ್ತು.

ಮೊದಲಿನದನ್ನು ಸ್ಪರ್ಧೆಗೆ ಕಳಿಸಿದೆ. ಮೊದಲ ಬಹುಮಾನ ಬಂತು. ಒಂದು ಶಾಲು, ಒಂದು ಗಾಜಿನ ಫಲಕ, ಡ್ರೋನ್ ಹುಡುಗರ ಚಪ್ಪಾಳೆ. ಸುಳ್ಳೇಕೆ ಹೇಳಲಿ, ಆವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ. ಫಲಕವನ್ನು ಸ್ಟುಡಿಯೋದಲ್ಲಿ ದೇವರ ಪಟದ ಪಕ್ಕಕ್ಕೇ ಇಟ್ಟೆ.

ಗುಂಪಿನಲ್ಲಿ ಫೋಟೋ ಹಾಕಿದ ಸಂಜೆ ಒಬ್ಬ ಅದನ್ನು ದೊಡ್ಡದು ಮಾಡಿ ನೋಡಿ ಕೇಳಿದ: ‘ಅಣ್ಣ, ತಟ್ಟೆ ಕೆಳಗೆ ಏನೋ ಕಟ್ಟಿದ್ದಾರಲ್ಲ, ಏನದು?’

ಪಾಸಂಗ ಎಂದು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಮೂರಕ್ಷರ. ಆದರೆ ಅಷ್ಟು ಹೊತ್ತಿಗೆ ಗುಂಪಿನಲ್ಲಿದ್ದ ನಮ್ಮೂರ ಒಬ್ಬ ‘ಬೋಂಡಣ್ಣ ಸೂಪರ್’ ಎಂದು ಹಾಕಿದ್ದ. ಅದನ್ನು ಓದಿ ಮೈ ಉರಿದಿತ್ತು. ಮುದುಕಿಯ ಬಾಯಿಂದ ಬಂದ ಹೆಸರು ಇಲ್ಲಿಗೂ ಬಂತಲ್ಲ ಎಂದು ಹಲ್ಲು ಕಡಿದೆ. ‘ಅದೇ ಕೈಚಳಕ, ಎಲ್ಲ ಹೇಳಬಾರದು’ ಎಂದು ಬರೆದು, ಕಣ್ಣು ಹೊಡೆಯುವ ಹಳದಿ ಗೊಂಬೆಯೊಂದನ್ನು ಪಕ್ಕದಲ್ಲಿ ಹಾಕಿದೆ.

ಅದನ್ನು ಬರೆಯುವಾಗ ನನಗೆ ಖುಷಿಯಾಯಿತು. ಅವಳು ನನ್ನನ್ನು ನಗೆಪಾಟಲು ಮಾಡಿದ್ದಳು, ಈಗ ನಾನು ಒಂದಿಷ್ಟು ಚುಚ್ಚಿದೆ, ಲೆಕ್ಕ ಸರಿಹೋಯಿತು ಎಂದುಕೊಂಡು ಊಟ ಮಾಡಿ ಮಲಗಿದೆ.

ಬೆಳಿಗ್ಗೆ ಎದ್ದರೆ ಆ ಫೋಟೋ ಊರಿನ ಎಲ್ಲ ಗುಂಪುಗಳಲ್ಲೂ ಇತ್ತು. ನಟ್ಟಿನ ಸುತ್ತ ಯಾರೋ ಕೆಂಪು ವೃತ್ತ ಎಳೆದಿದ್ದರು. ‘ಸಂತೆಯಲ್ಲಿ ಬೆಳ್ಳುಳ್ಳಿ ಕೊಳ್ಳುವವರೇ ಎಚ್ಚರ, ಅಜ್ಜಿಯ ಕೈಚಳಕ ನೋಡಿ’ ಎಂದು ಮೇಲೆ ಬರೆದಿದ್ದರು. ನನ್ನ ಮಾತನ್ನೇ ಎತ್ತಿಕೊಂಡಿದ್ದರು. ಕೆಳಗೆ ನನ್ನ ಸ್ಟುಡಿಯೋದ ಹೆಸರೂ ಇತ್ತು. ನಾಗಮಂಗಲದಿಂದ ನನ್ನ ಷಡ್ಡಕ ಫೋನು ಮಾಡಿ ‘ಏನಣ್ಣ, ಒಳ್ಳೆ ಕಳ್ಳೀನೇ ಹಿಡ್ದಿದ್ದೀರ’ ಎಂದ. ನಾನು ಹೆಹ್ಹೆ ಎಂದು ನಕ್ಕು ಫೋನಿಟ್ಟೆ.

ಆ ವಾರದ ಸಂತೆಗೆ ಹೋಗಬಾರದಿತ್ತು. ಹೋದೆ. ಏನಾಗುತ್ತದೆ ನೋಡಬೇಕು ಎನ್ನುವ ತೆವಲು. ಕ್ಯಾಮೆರಾ ಕೂಡ ಹೆಗಲಲ್ಲಿತ್ತು, ಅದನ್ನೂ ಹೇಳಿಬಿಡಬೇಕು.

ಹೊಂಗೆ ಮರದ ಕೆಳಗೆ ಜನ ಮುತ್ತಿಕೊಂಡಿದ್ದರು. ಒಬ್ಬ ಗಟ್ಟಿ ಆಳು ಫೋನನ್ನು ಅಜ್ಜಿಯ ಮುಖಕ್ಕೆ ಹಿಡಿದಿದ್ದ. ಅವಳು ಕಣ್ಣು ಕಿರಿದು ಮಾಡಿ ಅದರಲ್ಲಿ ತನ್ನ ಕೈಯನ್ನೇ ನೋಡುತ್ತಿದ್ದಳು.

‘ಇದು ನಂದೇ ಕೈ ಕನಪ್ಪಾ’ ಎಂದಳು. ‘ಚೆನ್ನಾಗ್ ಬಂದದೆ.’

‘ಕೈ ಬುಡಮ್ಮ, ಕೆಳ್ಗೆ ನೋಡು. ನಟ್ಟು ಯಾಕ್ ಕಟ್ಟಿದ್ದೀಯ?’

‘ಪಾಸಂಗ ಕನಪ್ಪಾ. ಅದಿದ್ರೇನೇ ಸಮ ನಿಲ್ಲೋದು.’

‘ಕೇಳ್ರಪ್ಪ, ನಟ್ಟು ಕಟ್ಟುದ್ರೆ ಸಮ ನಿಲ್ತದಂತೆ.’

ನಗು ಎದ್ದಿತು. ಅಜ್ಜಿ ಖಾಲಿ ತಕ್ಕಡಿಯನ್ನು ಎತ್ತಿ ಹಿಡಿದಳು. ಎಂದಿನಂತೆ ದಂಡಿ ಅಲುಗಿ ಅಲುಗಿ ನೆಟ್ಟಗೆ ನಿಂತಿತು. ‘ನೋಡ್ಕಳಿ, ಸಮ ಅದೆ’ ಎಂದಳು. ಯಾರೂ ದಂಡಿ ನೋಡಲಿಲ್ಲ. ಎಲ್ಲರೂ ಬಗ್ಗಿ ತಟ್ಟೆಯ ಅಡಿ ನೋಡಿದರು. ಹುಟ್ಟಿದಾಗಿನಿಂದ ಕರೆಂಟಿನ ಡಬ್ಬದ ನಂಬರು ನೋಡಿಕೊಂಡು ಬೆಳೆದವರಿಗೆ ಖಾಲಿ ತಕ್ಕಡಿ ಎತ್ತಿದರೆ ಅದರಲ್ಲಿ ನೋಡುವುದೇನು ಎಂದೇ ತಿಳಿಯದು. ನಟ್ಟು ಮಾತ್ರ ಕಣ್ಣಿಗೆ ಕಂಡಿತು, ಅದು ಫೋಟೋದಲ್ಲೂ ಇತ್ತು, ಇಲ್ಲೂ ಇತ್ತು.

ಈರುಳ್ಳಿ ಸಾಬರು ಎದ್ದು ಬಂದರು. ‘ಅರೆ ಭಾಯ್, ನಮ್ ಅಬ್ಬಾನೂ ಪಾಸಂಗ ಕಟ್ತಿದ್ರು. ಅದು ಮೋಸ ಅಲ್ಲ. ಕೊಡ್ರಿ ಇಲ್ಲಿ’ ಎಂದು ಅಜ್ಜಿ ಆಗ ತಾನೇ ಕಟ್ಟಿದ್ದ ಕಾಲು ಕೆಜಿ ಬೆಳ್ಳುಳ್ಳಿಯನ್ನು ಒಯ್ದು ತಮ್ಮ ಡಬ್ಬದ ಮೇಲೆ ಇಟ್ಟರು. ಇನ್ನೂರೈವತ್ತು ಎಂದು ಕೆಂಪಕ್ಷರ ಬಂತು. ಒಂದು ಗ್ರಾಂ ಆಚೆಯಿಲ್ಲ ಈಚೆಯಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಫೋನು ಹಿಡಿದವನು ಸಾಬರನ್ನು ಮೇಲಿಂದ ಕೆಳಗೆ ನೋಡಿ, ‘ನಿನ್ ಡಬ್ಬಕ್ ಏನ್ ಕಟ್ಟಿದ್ದೀಯೋ ಯಾರಿಗ್ಗೊತ್ತು? ಅಕ್ಕಪಕ್ಕ ಕೂತ್ಕಂಡು ನೀವು ನೀವೇ ಮಾತಾಡ್ಕಂಡಿರ್ತೀರ’ ಎಂದ. ಸಾಬರ ಮುಖ ಸಣ್ಣಗಾಯಿತು. ಅವರು ಹೋಗಿ ತಮ್ಮ ಈರುಳ್ಳಿ ರಾಶಿಯ ಹಿಂದೆ ಕೂತರು.

ಆಗ ಅಜ್ಜಿ ನನ್ನನ್ನು ಕಂಡಳು. ಗುಂಪಿನ ಹಿಂದೆ, ಗೇಟಿನ ಕಂಬದ ಪಕ್ಕ ನಿಂತಿದ್ದೆ. ಅವಳ ಮುಖ ಅರಳಿತು. ನನ್ನನ್ನು ಕಂಡು ಯಾರದೇ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿಲ್ಲ, ಮದುವೆ ಮನೆಗಳಲ್ಲೂ ನೋಡಿಲ್ಲ.

‘ಅಗೋ, ಪೋಟ ತೆಗ್ದೋನೇ ಬಂದ. ಬಾ ಮಗ, ಬಾ. ಇವ್ರಿಗೆ ಯೋಳು. ನಿಂಗೆ ತೇಪೆ ತೋರ್ಸಿದ್ನಲ್ಲ, ಅದ್ನೂ ತೆಗ್ದಲ್ಲ ನೀನು. ಯೋಳ್ಲಾ.’

ಎಲ್ಲರೂ ನನ್ನ ಕಡೆ ತಿರುಗಿದರು. ಫೋನಿನವನು ‘ಹೌದಣ್ಣ, ನೀವೇ ಹೇಳಿ, ನೀವು ಬೆಸ್ಟ್ ಫೋಟೋಗ್ರಾಫರ್ರು’ ಎಂದ. ಬೋಂಡಣ್ಣ ಎನ್ನಲಿಲ್ಲ. ಆ ಇನ್ನೊಂದು ಫೋಟೋ ಆಗಲೂ ನನ್ನ ಕ್ಯಾಮೆರಾದ ಕಾರ್ಡಿನಲ್ಲೇ ಇತ್ತು. ಹೆಗಲಿಂದ ಇಳಿಸಿ, ಒಂದು ಗುಂಡಿ ಒತ್ತಿ ತೋರಿಸಿದ್ದರೆ ಸಾಕಿತ್ತು. ಹಾಗೆ ತೋರಿಸಿದರೆ ಮುಂದಿನ ಪ್ರಶ್ನೆ ಏನು ಬರುತ್ತದೆ ಎಂದೂ ಗೊತ್ತಿತ್ತು. ಗೊತ್ತಿದ್ದೂ ಕೈಚಳಕ ಅಂತ ಯಾಕೆ ಬರೆದೆ? ಶಾಲು, ಫಲಕ, ಸ್ಟುಡಿಯೋದ ಹೆಸರು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

‘ನಂಗೇನ್ ಗೊತ್ತಜ್ಜಿ’ ಎಂದೆ. ‘ನಾನು ಫೋಟೋ ತೆಗಿಯೋನು. ಕಂಡದ್ದು ತೆಗೀತೀನಿ. ತೂಕದ ವಿಚಾರ ನಂಗೆ ತಿಳಿಯಲ್ಲ.’

ಅವಳು ಬೈಯುತ್ತಾಳೆ ಎಂದು ಕಾದೆ. ಬೋಂಡದ ಮಾತಾದರೂ ಎತ್ತಬಹುದಿತ್ತು, ಅವಳಷ್ಟು ಬಾಯಿ ಜೋರಿದ್ದವರು ಆ ಸಂತೆಯಲ್ಲಿ ಇರಲಿಲ್ಲ. ಎತ್ತಿ ಹಿಡಿದಿದ್ದ ತಕ್ಕಡಿಯನ್ನು ನಿಧಾನವಾಗಿ ಗೋಣಿತಾಟಿನ ಮೇಲೆ ಇಳಿಸಿದಳು. ಜನ ಒಬ್ಬೊಬ್ಬರಾಗಿ ಚದುರಿದರು. ಆ ದಿನ ಅವಳ ಬೆಳ್ಳುಳ್ಳಿ ಯಾರೂ ಕೊಳ್ಳಲಿಲ್ಲ. ನಾನು ಇನ್ನೊಂದು ಸಾಲಿನಿಂದ ಹೊರಗೆ ಬಂದೆ.

ಎರಡು ದಿನ ಬಿಟ್ಟು ಸಾಬರು ಸ್ಟುಡಿಯೋಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಕುರ್ಚಿ ಕೊಟ್ಟರೂ ಕೂರಲಿಲ್ಲ. ಫಲಕ ನೋಡಿದರು, ಪಕ್ಕದಲ್ಲಿ ಫ್ರೇಮು ಹಾಕಿಸಿದ್ದ ಫೋಟೋ ನೋಡಿದರು.

‘ಭಾರಿ ತೆಗ್ದಿದ್ದೀರ’ ಎಂದರು. ‘ನಿಮಗೆ ಗೊತ್ತು ಅಂತ ನಂಗೆ ಗೊತ್ತು. ಅವತ್ತು ಅವ್ವ ನಿಮಗೆ ತೇಪೆ ತೋರಿಸ್ತಿದ್ದಾಗ ನಾನು ಪಕ್ಕದಲ್ಲೇ ಇದ್ದೆ. ನೀವು ಎರಡ್ನೇ ಫೋಟೋ ತೆಗ್ದಿದ್ದೂ ನೋಡ್ದೆ. ನನ್ನ ಮಾತು ಯಾರೂ ನಂಬಲ್ಲ. ನೀವು ಗುಂಪಲ್ಲಿ ಒಂದು ಮಾತು ಹಾಕ್ಬುಡಿ. ಆ ಫೋಟೋನೂ ಹಾಕ್ಬುಡಿ. ಅಷ್ಟೇ. ಆ ಮುದುಕಿ ಮೂವತ್ತು ವರ್ಷ ಆ ಮರದ ಕೆಳ್ಗೆ ಮರ್ಯಾದೆಯಿಂದ ಕೂತವ್ಳೆ.’

‘ಹಾಕ್ತೀನಿ ಸಾಬ್ರೆ, ಇವತ್ತು ರಾತ್ರೀನೇ ಹಾಕ್ತೀನಿ’ ಎಂದೆ.

‘ಖುದಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ’ ಎಂದು ಹೇಳಿ ಹೋದರು.

ಹಾಕಲಿಲ್ಲ. ಕಾರ್ಡಿನಿಂದ ಆ ಫೋಟೋವನ್ನು ಕಂಪ್ಯೂಟರಿಗೆ ಹಾಕಿಕೊಂಡೆ, ಗುಂಪು ತೆರೆದೆ, ಎರಡು ಸಾಲು ಬರೆದೆ, ಅಳಿಸಿದೆ. ನಾಳೆ ಎಂದುಕೊಂಡೆ. ನಾಳೆ ಶ್ರೀರಂಗಪಟ್ಟಣದಲ್ಲಿ ಮದುವೆ ಇತ್ತು. ಅದರ ನಾಳೆ ಪಾಂಡವಪುರದಲ್ಲಿ ಬೀಗರೂಟ. ಹೀಗೆ ಎರಡು ಸಂತೆ ಕಳೆದವು. ಕೆಲಸವಿತ್ತು ಎನ್ನುವುದೆಲ್ಲ ಬೂಟಾಟಿಕೆ. ಫೋಟೋ ಹಾಕಲು ಅರ್ಧ ನಿಮಿಷ ಸಾಕು. ನನಗೆ ಮನಸ್ಸಿರಲಿಲ್ಲ.

ಮೂರನೆಯ ಸಂತೆಯಲ್ಲಿ ನನ್ನ ಹೆಂಡತಿ ಬೆಳ್ಳುಳ್ಳಿ ತಂದಳು. ಅಡುಗೆಮನೆಯಿಂದಲೇ ಹೇಳಿದಳು: ‘ನಿಮ್ಮ ಫೋಟೋದಿಂದ ಒಳ್ಳೇದೇ ಆಯ್ತು ನೋಡಿ. ಆ ಅಜ್ಜಿ ನಟ್ಟು ಕಿತ್ತಾಕವಳೆ. ಈಗ ಭಾರಿ ಧಾರಾಳವಾಗಿ ತೂಗ್ತಾಳೆ. ಸಂತೆ ಹೆಂಗಸರೆಲ್ಲ ಅಲ್ಲೇ ಮುತ್ಕಂಡವ್ರೆ.’

ಕೇಕು ಮಾಡುವುದಕ್ಕೆಂದು ಅವಳು ತರಿಸಿಕೊಂಡಿದ್ದ ಪುಟ್ಟ ತೂಕದ ಯಂತ್ರ ಕಪಾಟಿನಲ್ಲಿತ್ತು. ತೆಗೆದು ಅದರ ಮೇಲೆ ಬೆಳ್ಳುಳ್ಳಿ ಸುರಿದೆ.

‘ಎಷ್ಟು ತಂದೆ?’

‘ಕಾಲು ಕೆಜಿ.’

ಇನ್ನೂರ ತೊಂಬತ್ತು ತೋರಿಸಿತು.

ನಲವತ್ತು ಗ್ರಾಂ. ಅದು ಆ ನಟ್ಟಿನ ತೂಕ. ಈ ಕಡೆ ನಟ್ಟು ಹೋದ ಮೇಲೆ ಆ ಕಡೆಯ ತೇಪೆ ಭಾರವಾಗಿಯೇ ಉಳಿದಿತ್ತು. ಆ ಭಾರಕ್ಕೆ ಸಮ ಮಾಡಲು ಅವಳು ಪ್ರತಿ ಸಲವೂ ನಲವತ್ತು ಗ್ರಾಂ ಬೆಳ್ಳುಳ್ಳಿ ತನ್ನ ಕೈಯಿಂದ ಹಾಕುತ್ತಿದ್ದಳು. ಕಾಲು ಕೆಜಿಗೂ ಅಷ್ಟೇ, ನೂರು ಗ್ರಾಮಿಗೂ ಅಷ್ಟೇ. ಸಂತೆಯಲ್ಲಿ ನೂರು ಗ್ರಾಂ ಕೊಳ್ಳುವವರೇ ಹೆಚ್ಚು.

‘ನೋಡಿದ್ರಾ’ ಎಂದಳು ಹೆಂಡತಿ, ನನ್ನ ಹೆಗಲ ಮೇಲಿಂದ ಬಗ್ಗಿ. ‘ಮುಂಚೆ ಕಾಲು ಕೆಜಿ ತಂದ್ರೆ ಇಷ್ಟು ಇರ್ತಾನೇ ಇರ್ಲಿಲ್ಲ. ಎಷ್ಟು ವರ್ಷ ಹೊಡ್ದಿದ್ಳೋ ಕಳ್ಳ ಮುಂಡೆ.’

ನನ್ನ ಮನೆಯಲ್ಲೇ, ನನ್ನ ಎದುರಿಗೇ ಅವಳು ಈ ಮಾತು ಆಡಿದಳು. ನಾನು ಬೆಳ್ಳುಳ್ಳಿಯನ್ನು ಬುಟ್ಟಿಗೆ ತುಂಬಿದೆ. ಅವಳಿಗೂ ಹೇಳಲಿಲ್ಲ.

ಮುಂದಿನ ಸಂತೆಗೆ ಬೆಳಿಗ್ಗೆ ಬೇಗ ಹೋದೆ. ಬೋಣಿಗೆ ಮುಂಚೆ ಅವಳು ಖಾಲಿ ತಕ್ಕಡಿ ಎತ್ತುವುದನ್ನು ನೋಡಬೇಕಿತ್ತು. ಎತ್ತಿದರೆ ಒಂದು ಕಡೆ ವಾಲುತ್ತದೆ, ಬಟ್ಟಿನ ತಟ್ಟೆ ಕೆಳಕ್ಕೆ ಬೀಳುತ್ತದೆ, ಆಗಲಾದರೂ ಯಾರಾದರೂ ಕೇಳುತ್ತಾರೆ, ನಾನು ಬಾಯಿ ಬಿಡದೆಯೇ ವಿಷಯ ತಾನಾಗಿ ಹೊರಗೆ ಬರುತ್ತದೆ ಎಂದು ಆಸೆ ಇತ್ತು. ನನ್ನಂಥವನ ಆಸೆ ಹೀಗೇ ಇರುತ್ತದೆ.

ಮೊದಲ ಗಿರಾಕಿ ಬಂದು ಕೂತಳು. ಅಜ್ಜಿ ತಕ್ಕಡಿಯನ್ನು ನೆಲದಿಂದ ಎತ್ತಲಿಲ್ಲ. ಗೋಣಿತಾಟಿನ ಮೇಲೆ ಮಲಗಿದ್ದ ಹಾಗೆಯೇ ಒಂದು ತಟ್ಟೆಗೆ ಬಟ್ಟು ಇಟ್ಟಳು, ಇನ್ನೊಂದಕ್ಕೆ ಬೆಳ್ಳುಳ್ಳಿ ತುಂಬಿದಳು, ಆಮೇಲೆ ಎತ್ತಿದಳು. ಮೂವತ್ತು ವರ್ಷ ಬಿಡದ ಪದ್ಧತಿಯನ್ನು ಬಿಟ್ಟಿದ್ದಳು. ಈಗ ಎತ್ತಿ ತೋರಿಸುವಂತಿರಲಿಲ್ಲ. ಸರಿಯಿದ್ದ ತಕ್ಕಡಿಯನ್ನು ಎಲ್ಲರೆದುರು ಎತ್ತಿ ಹಿಡಿಯುತ್ತಿದ್ದವಳು ಈಗ ತಪ್ಪಿರುವ ತಕ್ಕಡಿಯನ್ನು ಬಚ್ಚಿಡುತ್ತಿದ್ದಳು, ಅದೂ ತನಗೇ ನಷ್ಟವಾಗುವ ತಪ್ಪನ್ನು. ಬೆಳ್ಳುಳ್ಳಿಯ ರಾಶಿ ಮೊದಲಿನ ಅರ್ಧದಷ್ಟೂ ಇರಲಿಲ್ಲ. ಪಕ್ಕದಲ್ಲಿ ಸಾಬರು ನನ್ನನ್ನು ನೋಡಿ ಮುಖ ತಿರುಗಿಸಿ ಈರುಳ್ಳಿ ಸಿಪ್ಪೆ ಕೊಡವತೊಡಗಿದರು.

ನಾನು ಹೋಗಿ ಎದುರು ಕೂತೆ. ನನ್ನ ಹಿಂದೆ ಐದಾರು ಹೆಂಗಸರು ಸೇರಿಕೊಂಡರು.

‘ಕಾಲು ಕೆಜಿ ಕೊಡಜ್ಜಿ.’

ಅವಳು ತಲೆ ಎತ್ತಿ ನೋಡಿದಳು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಯಾವುದೋ ಊರಿನ ಗಿರಾಕಿಯನ್ನು ನೋಡಿದ ಹಾಗೆ ನೋಡಿದಳು. ‘ಕ್ಯಾಮ್ರ ತಂದಿಲ್ವ?’ ಎಂದಳು. ‘ತಂದಿದ್ರೆ ಈಗ್ ತೆಗೀಬೋದಿತ್ತು. ನಟ್ಟಿಲ್ಲ.’

ಬಟ್ಟು ಇಟ್ಟಳು. ಬೆಳ್ಳುಳ್ಳಿ ತುಂಬಿದಳು. ತಕ್ಕಡಿ ಎತ್ತಿದಳು. ದಂಡಿ ಬಟ್ಟಿನ ಕಡೆ ವಾಲಿತು. ಒಂದು ಗಡ್ಡೆ ಹಾಕಿದಳು, ಇನ್ನೂ ವಾಲಿಯೇ ಇತ್ತು. ಇನ್ನೊಂದು ಹಾಕಿದಳು, ಮತ್ತೊಂದು ಸಣ್ಣದು ಹಾಕಿದಳು. ದಂಡಿ ಅಲುಗಿ ನೆಟ್ಟಗೆ ನಿಂತಿತು. ಅದನ್ನು ನನ್ನ ಮುಖದೆತ್ತರಕ್ಕೆ ತಂದು ಹಿಡಿದಳು. ನಾನು ಫೋಟೋದಲ್ಲಿ ನರನರವೂ ಕಾಣುವಂತೆ ತೆಗೆದಿದ್ದ ಅದೇ ಕೈ.

‘ನೀನೇ ಯೋಳಪ್ಪ, ಎಲ್ಲಾರ್ಗೂ ಕೇಳ್ಲಿ. ಸಮ ಅದಾ?’

ಹಿಂದಿನ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನಲವತ್ತು ಗ್ರಾಂ ಹೆಚ್ಚಿದೆ ಎಂದು ಅಲ್ಲಿ ಗೊತ್ತಿದ್ದವರು ನಾನು, ಅಜ್ಜಿ, ಸಾಬರು ಮೂವರೇ.

‘ಸಮ ಅದೆ ಅಜ್ಜಿ’ ಎಂದೆ.

‘ಸರಿ ಬುಡು, ನೀನ್ ಯೋಳುದ್ ಮ್ಯಾಲೆ ಆಯ್ತು’ ಎಂದು ಬೆಳ್ಳುಳ್ಳಿಯನ್ನು ನನ್ನ ಚೀಲಕ್ಕೆ ಸುರಿದು, ಮುಂದಿನವಳಿಗೆ ಎಷ್ಟು ಬೇಕು ಎಂದು ಕೇಳಿದಳು.